ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿದ್ದ ಬೆನ್-ಗುರಿಯನ್ ಇಸ್ರೇಲಿನ ಮೊದಲ ಪ್ರಧಾನಿ ಆದದ್ದು ಹೇಗೆ?

ಅವರು ನಡೆಸಿದ ಸಂಘ, ದೇಶ ಹುಟ್ಟುವ ಮೊದಲೇ ಅರ್ಧ ಸರ್ಕಾರದಂತೆ ಕೆಲಸ ಮಾಡುತ್ತಿತ್ತು. ಅದಕ್ಕೇ.

1920ರಲ್ಲಿ ಹೈಫಾದಲ್ಲಿ ಹುಟ್ಟಿದ ಹಿಸ್ತದ್ರೂತ್ ಎಂಬ ಈ ಸಂಘ ಬರೀ ಕೂಲಿ ಹೆಚ್ಚಿಸಿ ಎಂದು ಕೇಳುವಂಥದ್ದಾಗಿರಲಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಪ್ಯಾಲೆಸ್ಟೈನಿಗೆ ಹಡಗಿಳಿದು ಬಂದ ಯಹೂದಿಗೆ ಅದು ಕೆಲಸ ಹುಡುಕಿಕೊಡುತ್ತಿತ್ತು. ಜ್ವರ ಬಂದರೆ ಅದರ ಆರೋಗ್ಯ ನಿಧಿಯ ವೈದ್ಯರೇ ನೋಡುತ್ತಿದ್ದರು. ರಸ್ತೆ, ಮನೆ ಕಟ್ಟಲು ಅದರದೇ ಕಂಪನಿ, ಸಾಲಕ್ಕೆ ಅದರದೇ ಬ್ಯಾಂಕು, ಓದಲು ಅದರದೇ ದಿನಪತ್ರಿಕೆ. ಹಗನಾ ಎಂಬ ಗುಪ್ತ ರಕ್ಷಣಾ ಪಡೆಯೂ ಮೊದಲ ವರ್ಷಗಳಲ್ಲಿ ಅದರ ಅಧೀನದಲ್ಲೇ ಇತ್ತು.

1921ರಿಂದ 1935ರವರೆಗೆ ಇದರ ಚುಕ್ಕಾಣಿ ಬೆನ್-ಗುರಿಯನ್ ಕೈಯಲ್ಲಿ. ಸಂಘದ ಸದಸ್ಯಬಲವೇ 1930ರಲ್ಲಿ ಹುಟ್ಟಿದ ಅವರ ಮಪಾಯ್ ಎಂಬ ಕಾರ್ಮಿಕ ಪಕ್ಷದ ಬೆನ್ನೆಲುಬು. 1935ರಲ್ಲಿ ಪ್ಯಾಲೆಸ್ಟೈನಿನ ಯಹೂದಿಗಳ ಪ್ರತಿನಿಧಿ ಸಂಸ್ಥೆಯಾದ ಯಹೂದಿ ಏಜೆನ್ಸಿಯ ಮುಖ್ಯಸ್ಥರಾದರು; 1948ರ ಮೇ 14ರಂದು ಟೆಲ್ ಅವೀವ್‌ನಲ್ಲಿ ಇಸ್ರೇಲಿನ ಸ್ವಾತಂತ್ರ್ಯ ಘೋಷಣೆ ಓದಿದವರೂ ಅವರೇ, ಮೊದಲ ಪ್ರಧಾನಿಯಾದವರೂ ಅವರೇ.

ಕೂಲಿಕಾರರು ಅವರನ್ನು ನಂಬಲು ಕಾರಣವಿತ್ತು. 1906ರಲ್ಲಿ ಪೋಲೆಂಡಿನ ಪ್ಲೋನ್ಸ್ಕ್‌ನಿಂದ ಬಂದವರು ಪೆಟಾ ಟಿಕ್ವಾದ ಕಿತ್ತಳೆ ತೋಟದಲ್ಲಿ ಗೊಬ್ಬರ ಹೊತ್ತು, ಮಲೇರಿಯಾದಲ್ಲಿ ನರಳಿದ್ದರು. ಇನ್ನೊಂದು ಮುಖವನ್ನೂ ಹೇಳಲೇಬೇಕು: ಯಹೂದಿ ತೋಟಗಳಲ್ಲಿ ಯಹೂದಿಗಳೇ ದುಡಿಯಬೇಕೆಂಬ ಸಂಘದ ಹಟದಿಂದ ಅನೇಕ ಅರಬ್ ಕೂಲಿಕಾರರು ಕೆಲಸ ಕಳೆದುಕೊಂಡರು.