ತೂಕವೆಲ್ಲ ಹಿಂತುಂಡಿಗೆ

ಪ್ರಶ್ನೆ: ಪೂಲ್ ಆಟದಲ್ಲಿ ಬ್ರೇಕ್‌ಗೂ (ಚೆಂಡುಗಳ ಗುಂಪನ್ನು ಚದುರಿಸುವ ಮೊದಲ ಹೊಡೆತ) ಜಂಪ್‌ಗೂ (ಅಡ್ಡ ಇರುವ ಚೆಂಡಿನ ಮೇಲಿಂದ ಹಾರಿಸುವ ಹೊಡೆತ) ಆಗುವ ಒಂದೇ ಕ್ಯೂ, ಅಂದರೆ ಹೊಡೆಯುವ ಕೋಲು, ಮಾಡಿಸಬೇಕೆಂದಿದ್ದೇನೆ. ಬೀಟೆ ಕೆಲಸದವರು ಊರಲ್ಲೇ ಇದ್ದಾರೆ. ಬಟ್ (ಕೋಲಿನ ಹಿಂಭಾಗ) ಪೂರ್ತಿ ಬೀಟೆಯಲ್ಲೇ ಮಾಡಿಸಿ ಇನ್‌ಲೇ (ಮರದಲ್ಲಿ ಕೆತ್ತಿ ಕೂರಿಸುವ ಚಿತ್ತಾರ) ಹಾಕಿಸಬಹುದೇ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಬಟ್‌ನ ಹಿಂದಿನ ಅರ್ಧಕ್ಕೆ ಬೀಟೆ ಧಾರಾಳವಾಗಿ ಹಾಕಿಸಿ, ಮುಂದಿನ ಅರ್ಧಕ್ಕೆ ಬೇಡ. ಬ್ರೇಕ್‌ಗೆ 18–20 ಔನ್ಸ್ ಬೇಕು, ಜಂಪ್‌ಗೆ 8–9 ಸಾಕು. ಜಂಪ್‌ನಲ್ಲಿ ಚೆಂಡನ್ನು ಮೇಲಿನಿಂದ ಟೇಬಲ್ ಬಟ್ಟೆಯಡಿಯ ಸ್ಲೇಟ್ ಕಲ್ಲಿಗೆ ಒತ್ತಿ ಹೊಡೆಯುತ್ತೇವೆ, ಅದು ಪುಟಿದು ಏಳುತ್ತದೆ. ಹಗುರ ಕೋಲು ತಾನೇ ಹಿಂದಕ್ಕೆ ಎಗರಿ ದಾರಿ ಬಿಡುತ್ತದೆ. ಭಾರದ ಕೋಲು ಬಿಡುವುದಿಲ್ಲ, ಚೆಂಡು ಟಿಪ್‌ಗೂ (ಕೋಲಿನ ತುದಿ) ಕಲ್ಲಿಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ಆದ್ದರಿಂದ ಮೂರು ತುಂಡು ಮಾಡಿಸಿ: ಶಾಫ್ಟ್ (ಮುಂತುಂಡು) 29 ಇಂಚು, ನಡುತುಂಡು 12, ಹಿಂತುಂಡು 17. ಬ್ರೇಕ್‌ಗೆ ಮೂರೂ ಸೇರಿ 58. ಜಂಪ್‌ಗೆ ಹಿಂತುಂಡು ಬಿಚ್ಚಿದರೆ 41. ಪಂದ್ಯದ ನಿಯಮದಲ್ಲಿ ಕ್ಯೂ 40 ಇಂಚಿಗಿಂತ ಗಿಡ್ಡ ಇರುವಂತಿಲ್ಲ. ನಡುತುಂಡು 11 ಮಾಡಿಸಿದರೆ ಟಿಪ್ ಸವೆದ ದಿನ ತಕರಾರು ಶುರು.

ಮರಕ್ಕಿಂತ ಹೆಚ್ಚು ಕಾಡುವುದು ತುಂಡುಗಳನ್ನು ಜೋಡಿಸುವ ಪಿನ್. ನಡುತುಂಡಿಗೆ ಮೇಪಲ್ ಬದಲು ಬೀಟೆ ಹಾಕಿದರೆ ಏರುವುದು ಅರ್ಧ ಔನ್ಸ್ ಚಿಲ್ಲರೆ. 3/8 ಇಂಚು ದಪ್ಪ, 3 ಇಂಚು ಉದ್ದದ ಸ್ಟೀಲ್ ಪಿನ್ ಒಂದೇ 40 ಗ್ರಾಂ ಹತ್ತಿರ, ಅಂದರೆ ಸುಮಾರು ಒಂದೂವರೆ ಔನ್ಸ್. ಶಾಫ್ಟ್ ಕಡೆಯ ಪಿನ್ ಅಲ್ಯೂಮಿನಿಯಂ ಇರಲಿ, 15 ಗ್ರಾಂನಲ್ಲಿ ಮುಗಿಯುತ್ತದೆ. ನಡುವಿನ ಜಾಯಿಂಟ್‌ಗೆ ಸ್ಟೀಲ್ ಪಿನ್ನೇ ಹಾಕಿಸಿ, ಆದರೆ ಅದನ್ನು ಹಿಂತುಂಡಿನಲ್ಲಿ ಕೂರಿಸಿ. ಬಿಚ್ಚಿದಾಗ ಆ ಭಾರವೂ ಅದರ ಜೊತೆಗೇ ಹೋಗುತ್ತದೆ.

ಬೀಟೆಯಲ್ಲಿ ಎಣ್ಣೆಯಂಶ ಇರುವುದರಿಂದ ಪಿನ್ ಕೂರಿಸುವ ತೂತನ್ನು ಅಸಿಟೋನ್‌ನಿಂದ ಒರೆಸಿ, ಆರಿದ ಕೂಡಲೇ ಎಪಾಕ್ಸಿ ಹಾಕಬೇಕು. ಇನ್‌ಲೇ ಜಾಯಿಂಟ್‌ನಿಂದ 2 ಇಂಚು ದೂರವಿರಲಿ. ಅಲ್ಲಿ ಪಿನ್ ಸುತ್ತ ಉಳಿಯುವ ಮರದ ಗೋಡೆ 8 ಎಂಎಂ ಅಷ್ಟೇ.

ಕಡಚಲು ಕೆಲಸ ಒಂದೇ ದಿನಕ್ಕೆ ಮುಗಿಸಿಕೊಡುತ್ತೇವೆ ಎನ್ನುವವರ ಬಳಿ ಶಾಫ್ಟ್ ಮಾಡಿಸಬೇಡಿ. ಅಳತೆಗಿಂತ ದಪ್ಪ ಬಿಟ್ಟು, ಸ್ವಲ್ಪ ತೆಗೆದು ಕೆಲವು ವಾರ ನೇತುಹಾಕಿ, ಮತ್ತೆ ಸ್ವಲ್ಪ ತೆಗೆಯಬೇಕು. ಮಾರ್ಚ್ ಬಿಸಿಲಿನಲ್ಲಿ ಒಂದೇ ಏಟಿಗೆ ಇಳಿಸಿದ ಮರ ಜುಲೈ ತಂಡಿಗೆ ಸೊಟ್ಟಗಾಗುತ್ತದೆ.

ತೆಗೆದುಕೊಳ್ಳುವಾಗ ಜಾಯಿಂಟನ್ನು ಮುಖಕ್ಕೆ ಮುಖ ಆಗಷ್ಟೇ ತಾಗುವವರೆಗೆ ತಿರುಗಿಸಿ, ಟ್ಯೂಬ್‌ಲೈಟ್‌ಗೆ ಹಿಡಿಯಿರಿ. ಒಂದು ಬದಿಯಲ್ಲಿ ಬೆಳಕಿನ ಗೆರೆ ಕಂಡರೆ ಮುಖ ಓರೆಯಾಗಿದೆ. ಬ್ರೇಕ್ ಹೊಡೆದಾಗ ಗುಂಯ್‌ಗುಡುತ್ತದೆ, ಹೊಡೆದಷ್ಟೂ ಸಡಿಲವಾಗುತ್ತದೆ. ವಾಪಸ್ ಕೊಡಿ.

ಇನ್ನೊಂದು ಮಾತು: ಸ್ನೂಕರ್‌ನಲ್ಲಿ ಜಂಪ್ ಫೌಲ್. ಕ್ಲಬ್ಬಿನ ದೊಡ್ಡ ಟೇಬಲ್ ಮೇಲೆ ಈ ಕೋಲು ತೆಗೆಯಬೇಡಿ.

ಪ್ರಶ್ನೆ: ಕ್ಯೂಗೆ ಫಿನಾಲಿಕ್ (ಗಡುಸು ಪ್ಲಾಸ್ಟಿಕ್) ಟಿಪ್ ಹಾಕಿಸಿದ್ದೇನೆ. ನಾಲ್ಕೈದು ಬ್ರೇಕ್‌ಗೇ ಕಿತ್ತುಬರುತ್ತದೆ, ಜಂಪ್‌ನಲ್ಲಿ ಜಾರುತ್ತದೆ.
– ಓದುಗರೊಬ್ಬರು, ಮಂಡ್ಯ

ಉತ್ತರ: ಎರಡಕ್ಕೂ ಕಾರಣ ಬೇರೆ. ಫಿನಾಲಿಕ್‌ನ ತಳ ಗಾಜಿನಂತೆ ನುಣುಪು, ಅಂಟಿಗೆ ಹಿಡಿತವಿಲ್ಲ. ಹಳೆಯ ಅಂಟು ಪೂರ್ತಿ ಕೆರೆದು, ಫೆರೂಲ್ (ಟಿಪ್ ಕೂರುವ ಶಾಫ್ಟ್ ತುದಿಯ ಬಳೆ) ಮುಖವನ್ನೂ ಟಿಪ್ ತಳವನ್ನೂ ಸಮತಟ್ಟಾದ ಹಲಗೆಗೆ ಅಂಟಿಸಿದ 220 ನಂಬರ್ ಮರಳುಕಾಗದದ ಮೇಲೆ ಉಜ್ಜಿ, ಅಸಿಟೋನ್‌ನಿಂದ ಒರೆಸಿ. ತೆಳು ಸೂಪರ್ ಗ್ಲೂ ಬೇಡ, ಜೆಲ್ ತರಹದ ಗಟ್ಟಿಯದು ಬೇಕು. ಅಂಟಿಸಿ ಒಂದು ದಿನ ಮುಟ್ಟಬೇಡಿ.

ಜಾರುವುದು ಆಕಾರದಿಂದ. ಟಿಪ್ ಚಪ್ಪಟೆಯಾಗಿದ್ದರೆ ಓರೆ ಹಿಡಿದಾಗ ಅಂಚು ಮೊದಲು ತಾಗುತ್ತದೆ. ನಾಣ್ಯದ ಅಂಚಿನ ಬಾಗು ಬರುವಂತೆ ಉಜ್ಜಿ, ಮೇಲ್ಮೈ ಮಿರುಗತೊಡಗಿದಾಗಲೆಲ್ಲ ಮತ್ತೆ ಒರಟು ಮಾಡಿ. ಪ್ರತಿ ಹೊಡೆತಕ್ಕೂ ಚಾಕ್ ಹಚ್ಚಿ. ಫಿನಾಲಿಕ್ ಮೇಲೆ ಅದು ತೊಗಲಿನ ಮೇಲೆ ನಿಂತಷ್ಟು ನಿಲ್ಲುವುದಿಲ್ಲ. ಅಭ್ಯಾಸದ ವೇಳೆ ಚೆಂಡಿನ ಕೆಳಗೆ ಹಳೆಯ ಟೇಬಲ್ ಬಟ್ಟೆಯ ತುಂಡೊಂದು ಇಟ್ಟುಕೊಳ್ಳಿ, ಇಲ್ಲವಾದರೆ ಹೊಡೆದ ಜಾಗದಲ್ಲೆಲ್ಲ ಬಿಳಿ ಚುಕ್ಕೆ ಬೀಳುತ್ತದೆ.