ಹದಿನೆಂಟು ಪರ್ಸೆಂಟ್ ಯಾರು ಕೊಡ್ತಾರೆ ಮೇಷ್ಟ್ರೇ?

ಚಿಂತಾಮಣಿಯಿಂದ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದಿದ್ದಾರೆ. ಪತ್ರ ಉದ್ದ ಇತ್ತು, ಮುಖ್ಯವಾದದ್ದನ್ನು ಇಲ್ಲಿ ಕೊಡುತ್ತಿದ್ದೇನೆ.

"ಸಂಪಾದಕರಿಗೆ ನಮಸ್ಕಾರ. ನಿವೃತ್ತಿಯ ದುಡ್ಡಿನಲ್ಲಿ ಐದು ಲಕ್ಷ ಎಫ್‌ಡಿ ಇಟ್ಟಿದ್ದೇನೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಎಫ್‌ಡಿ ಮುರಿಸಿ ನನ್ನ ಕೈಗೆ ಕೊಡಿ, ಆ್ಯಪ್‌ನಲ್ಲಿ ನೂರು ಜನಕ್ಕೆ ಐದೈದು ಸಾವಿರ ಸಾಲ ಕೊಡೋಣ, ಹದಿನೆಂಟು ಪರ್ಸೆಂಟ್ ಬರುತ್ತೆ, ಆರ್‌ಬಿಐ ನೋಂದಣಿ ಇರುವ ಕಂಪನಿ ಅನ್ನುತ್ತಾನೆ. ನೀವು ಕಳೆದ ಸಂಚಿಕೆಯಲ್ಲಿ ಹಳ್ಳಿ ಸೊಸೈಟಿಗಳನ್ನು ಹೊಗಳಿದ್ದೇ ಹೊಗಳಿದ್ದು. ಹೊಸದೆಲ್ಲ ಕೆಟ್ಟದ್ದು ಅನ್ನುವ ಕಾಲ ಹೋಯ್ತು ಅಲ್ವಾ? ಬ್ಯಾಂಕು ನಮಗೆ ಏಳು ಕೊಟ್ಟು ಇನ್ನೊಬ್ಬರ ಹತ್ತಿರ ಹದಿನಾಲ್ಕು ವಸೂಲಿ ಮಾಡುತ್ತೆ. ನಡುವಿನ ಬ್ಯಾಂಕನ್ನೇ ಬಿಟ್ಟರೆ ಇಬ್ಬರಿಗೂ ಲಾಭ ತಾನೇ?"

ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆ ಬಹಳ ಚೆನ್ನಾಗಿದೆ. ಎಷ್ಟು ಚೆನ್ನಾಗಿದೆ ಅಂದರೆ, 2005ರಲ್ಲಿ ಇಂಗ್ಲೆಂಡಿನಲ್ಲಿ ಜೋಪಾ ಅನ್ನೋ ಕಂಪನಿ ಶುರು ಮಾಡಿದವರೂ ಇದನ್ನೇ ಕೇಳಿ ಜನರ ಮನಸ್ಸು ಗೆದ್ದರು. ಪೀರ್ ಟು ಪೀರ್ ಸಾಲ, ಅಂದರೆ ನಡುವೆ ಬ್ಯಾಂಕಿಲ್ಲದೆ ಜನರೇ ಜನರಿಗೆ ಕೊಡುವ ಸಾಲ, ಅನ್ನುವ ವ್ಯವಹಾರ ಹುಟ್ಟಿದ್ದೇ ಅಲ್ಲಿಂದ. ಹದಿನಾರು ವರ್ಷ ನಡೆಸಿ, 2021ರ ಕೊನೆಗೆ ಅವರೇ ಅದನ್ನು ನಿಲ್ಲಿಸಿದರು. ಈಗ ಜೋಪಾ ಒಂದು ಬ್ಯಾಂಕು. ಅಮೆರಿಕದ ಲೆಂಡಿಂಗ್ ಕ್ಲಬ್ ಕೂಡ 2020ರ ಕೊನೆಯಲ್ಲಿ ಸಣ್ಣ ಹೂಡಿಕೆದಾರರಿಗೆ ಬಾಗಿಲು ಹಾಕಿ, ಮರುವರ್ಷ ಒಂದು ಬ್ಯಾಂಕನ್ನೇ ಕೊಂಡುಕೊಂಡಿತು. ನಡುವಿನ ಬ್ಯಾಂಕನ್ನು ತೆಗೆದುಹಾಕ್ತೀವಿ ಅಂತ ಬಂದವರು ಕೊನೆಗೆ ತಾವೇ ಹೋಗಿ ಆ ಜಾಗದಲ್ಲಿ ಕೂತರು. ಚೀನಾದ ಕಥೆ ಹೇಳೋದೇ ಬೇಡ. ಅಲ್ಲಿ ಇಂಥ ಕಂಪನಿಗಳು ಸಾವಿರಗಟ್ಟಲೆ ಇದ್ದವು. ಅದರಲ್ಲಿ ಎಜುಬಾವೊ ಅನ್ನೋದೊಂದೇ ಸುಮಾರು ಒಂಬತ್ತು ಲಕ್ಷ ಜನರಿಂದ 5,000 ಕೋಟಿ ಯುವಾನ್ ಎತ್ತಿ ಮುಳುಗಿಸಿತು. 2020ರ ನವೆಂಬರ್ ಹೊತ್ತಿಗೆ ಇಡೀ ದೇಶದಲ್ಲಿ ಒಂದೂ ಉಳಿದಿಲ್ಲ ಅಂತ ಅಲ್ಲಿನ ಸರ್ಕಾರವೇ ಹೇಳಿತು.

ನಮ್ಮ ದೇಶ ಚೀನಾ ಅಲ್ಲ, ಒಪ್ಪಿದೆ. ಇಲ್ಲಿ ಆರ್‌ಬಿಐ 2017ರಲ್ಲೇ ನಿಯಮ ತಂದಿದೆ, ಒಳ್ಳೆಯ ನಿಯಮವೇ. ಒಬ್ಬ ಸಾಲಗಾರನಿಗೆ ನೀವು 50,000ಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ. ಅವನು ಎಲ್ಲಾ ಆ್ಯಪ್‌ಗಳಲ್ಲೂ ಸೇರಿ 10 ಲಕ್ಷಕ್ಕಿಂತ ಜಾಸ್ತಿ ಎತ್ತುವ ಹಾಗಿಲ್ಲ. ಸಾಲದ ಅವಧಿ 36 ತಿಂಗಳು ಮೀರಬಾರದು. ದುಡ್ಡು ಕಂಪನಿಯ ಜೇಬಿಗೆ ಹೋಗದೆ ಎಸ್ಕ್ರೋ ಖಾತೆಯಲ್ಲಿ, ಅಂದರೆ ಕಂಪನಿ ಮುಟ್ಟಲಾಗದ ಪ್ರತ್ಯೇಕ ಖಾತೆಯಲ್ಲಿ, ಓಡಾಡಬೇಕು. ನಿಮ್ಮ ಮಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ನೋಂದಣಿ ಇದೆ ಅಂದರೆ ದುಡ್ಡಿಗೆ ಗ್ಯಾರಂಟಿ ಇದೆ ಅಂತ ಅಲ್ಲ, ಇಲ್ಲೇ ಜನ ಎಡವೋದು. ಅದೇ ನಿಯಮದ ಪ್ರಕಾರ ಕಂಪನಿ ನಿಮಗೆ ಯಾವ ಗ್ಯಾರಂಟಿಯನ್ನೂ ಕೊಡಕೂಡದು. ಕೆಲವರು ಇದನ್ನು ಮರೆಮಾಚಿ, ಯಾವಾಗ ಬೇಕಾದರೂ ದುಡ್ಡು ವಾಪಸ್ ತಗೊಳ್ಳಿ, ಇಷ್ಟು ಪರ್ಸೆಂಟ್ ಖಚಿತ ಅಂತ ಎಫ್‌ಡಿ ಥರ ಮಾರುತ್ತಿದ್ದರು. 2024ರ ಆಗಸ್ಟ್ 16ರಂದು ಆರ್‌ಬಿಐ ಅದಕ್ಕೂ ಬೀಗ ಹಾಕಿತು. ಅಸಲು ಹೋದರೂ ಬಡ್ಡಿ ಹೋದರೂ ನಷ್ಟ ಪೂರ್ತಿ ಸಾಲ ಕೊಟ್ಟವನದೇ ಅಂತ ಬಿಡಿಸಿ ಬರೆಯಿತು. ಬ್ಯಾಂಕು ಮುಳುಗಿದರೆ ನಿಮ್ಮ ಐದು ಲಕ್ಷಕ್ಕೆ ಠೇವಣಿ ವಿಮೆ ಇದೆ. ಇಲ್ಲಿ ಐದು ರೂಪಾಯಿಗೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ನೀವು ಲೆಕ್ಕದ ಮೇಷ್ಟ್ರು ಅಂತ ಪತ್ರದ ಕೆಳಗೆ ಬರೆದಿದ್ದೀರಿ, ಹಾಗಾಗಿ ಸ್ವಲ್ಪ ಜೋರಾಗಿಯೇ ಕೇಳುತ್ತೇನೆ: ಹದಿನೆಂಟು ಅನ್ನೋದನ್ನು ಹಾಗೇ ನಂಬಿ ಪತ್ರ ಹಾಕಿಬಿಟ್ಟಿರಲ್ಲ, ಒಂದು ಹಾಳೆ ತಗೊಂಡು ಗುಣಿಸಿ ನೋಡಬಾರದಿತ್ತಾ? ನೂರು ಜನಕ್ಕೆ ಐದೈದು ಸಾವಿರ. ಒಂದು ವರ್ಷಕ್ಕೆ ಒಬ್ಬೊಬ್ಬ 5,900 ಕೊಡಬೇಕು. ಎಂಟು ಜನ ಕೈ ಎತ್ತಿದರು ಅಂತ ಇಟ್ಟುಕೊಳ್ಳಿ. ಉಳಿದ 92 ಜನರಿಂದ ಬಂದದ್ದು 5,42,800. ಆ್ಯಪ್‌ನವರ ಶುಲ್ಕ ಒಂದೂವರೆ ಪರ್ಸೆಂಟ್ ಅಂದುಕೊಂಡರೆ 7,500 ಹೋಯ್ತು. ಉಳಿದದ್ದು 5,35,300. ಅಂದರೆ ಏಳು ಪರ್ಸೆಂಟ್ ಚಿಲ್ಲರೆ. ನಿಮ್ಮ ಎಫ್‌ಡಿಯ ಹತ್ತಿರಕ್ಕೇ ಬಂತು. ಇನ್ನು ತೆರಿಗೆ. ಬಂದ ಬಡ್ಡಿ 82,800 ಪೂರ್ತಿ ಆದಾಯ, ಮುಳುಗಿದ 40,000 ಅಸಲನ್ನು ಅದರಲ್ಲಿ ಕಳೆದು ತೋರಿಸೋದು ಸಂಬಳದ ಮನುಷ್ಯನಿಗೆ ಸುಲಭವಲ್ಲ. ಮಗನ ಹೆಸರಿನಲ್ಲಿ ಹಾಕಿ ಅವನು ಮೂವತ್ತು ಪರ್ಸೆಂಟ್ ತೆರಿಗೆಯ ಸ್ಲ್ಯಾಬ್‌ನಲ್ಲಿದ್ದರೆ 24,840 ತೆರಿಗೆ. ಕೈಗೆ ಸಿಕ್ಕಿದ್ದು 5,10,460. ವರ್ಷವೆಲ್ಲ ಎದೆ ಹೊಡೆದುಕೊಂಡು ಎರಡು ಪರ್ಸೆಂಟ್! ಎಂಟರ ಬದಲು ಹನ್ನೆರಡು ಜನ ಕೈ ಎತ್ತಿದರೆ ಅಸಲಿಗೇ ಕೊಕ್ಕೆ. ಕಂತಿನಲ್ಲಿ ಬರೋದರಿಂದ ಲೆಕ್ಕ ಸ್ವಲ್ಪ ಹಿಂದೆ ಮುಂದೆ ಆಗುತ್ತೆ, ಕೈ ಎತ್ತಿದವನೂ ಒಂದೆರಡು ಕಂತು ಕಟ್ಟಿರುತ್ತಾನೆ, ನಿಜ. ಆದರೆ ಎಷ್ಟು ಜನ ಕೈ ಎತ್ತುತ್ತಾರೆ ಅನ್ನೋದೇ ಇಲ್ಲಿ ಎಲ್ಲ.

ಹಾಗಾದರೆ ಇಪ್ಪತ್ತೆಂಟು ಬಡ್ಡಿ ಕೊಡುವವರಿಗೇ ಕೊಡೋಣ ಅಂತ ಮಗ ಹೇಳಬಹುದು. ಜೋಸೆಫ್ ಸ್ಟಿಗ್ಲಿಟ್ಸ್ ಮತ್ತು ಆಂಡ್ರೂ ವೈಸ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 1981ರಲ್ಲೇ ಇದಕ್ಕೆ ಉತ್ತರ ಬರೆದಿಟ್ಟಿದ್ದಾರೆ. ಸ್ಟಿಗ್ಲಿಟ್ಸ್‌ಗೆ ಆಮೇಲೆ 2001ರಲ್ಲಿ ನೊಬೆಲ್ ಬಂತು. ಅವರು ಹೇಳಿದ್ದು ಇಷ್ಟೇ: ಬಡ್ಡಿ ಏರಿಸಿದಷ್ಟೂ ತೀರಿಸುವ ಯೋಚನೆ ಇರುವವನು ಹಿಂದೆ ಸರಿಯುತ್ತಾನೆ, ಹೇಗಿದ್ದರೂ ಕೊಡೋದಿದ್ದರೆ ತಾನೇ ಅನ್ನುವವನು ಮುಂದೆ ಬಂದು ನಿಲ್ಲುತ್ತಾನೆ. ನಮ್ಮ ಕಡೆ ಇದನ್ನು ತಿಳಿಯೋಕೆ ನೊಬೆಲ್ ಬೇಕಿಲ್ಲ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಆದರೂ ಸರಿ, ಈಗಲೇ ಕೊಡಿ ಅನ್ನುವವನನ್ನು ಕಂಡರೆ ನಿಮ್ಮ ಮನೆಯವರು ಒಳಗಿಂದಲೇ ನಿಮಗೆ ಸನ್ನೆ ಮಾಡ್ತಾರೆ.

ಅಪಾಯಕ್ಕೆ ತಕ್ಕ ಬಡ್ಡಿ ಅನ್ನೋದು ತಪ್ಪು ಅಂತ ನಾನು ಹೇಳ್ತಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದೆ. ಸಾಮಾನ್ಯರಿಗೆ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು, ವ್ಯಾಪಾರಕ್ಕೆ ಐದು, ಕಾಡು ದಾಟಿ ಹೋಗುವವರಿಗೆ ಹತ್ತು, ಸಮುದ್ರಕ್ಕೆ ಇಳಿಯುವವರಿಗೆ ಇಪ್ಪತ್ತು. ಸರಿಯಾಗೇ ಇದೆ. ಆದರೆ ಎದುರಿಗಿರುವವನು ಕಾಡಿಗೆ ಹೊರಟಿದ್ದಾನೋ ಸಮುದ್ರಕ್ಕೋ ಅಂತ ಗೊತ್ತಿದ್ದರೆ ತಾನೇ ಹತ್ತು ಇಪ್ಪತ್ತು ಅನ್ನೋದು. ನಿಮ್ಮ ಮಗನ ಮೊಬೈಲಿನಲ್ಲಿ ಏನು ಕಾಣುತ್ತೆ? ಒಂದು ಹೆಸರು, ಒಂದು ಸಂಬಳ, ಹಳೇ ಸಾಲ ಹೇಗೆ ತೀರಿಸಿದ್ದಾನೆ ಅಂತ ನೋಡಿ ಕೊಟ್ಟ ಒಂದು ಸಿಬಿಲ್ ಸ್ಕೋರು. ಆ ಸ್ಕೋರಿಗೆ ಬ್ಯಾಂಕಿನ ಸಾಲ ಗೊತ್ತು, ಕಾರ್ಡಿನ ಬಾಕಿ ಗೊತ್ತು. ಕೈಸಾಲ ಗೊತ್ತಿಲ್ಲ. ಎತ್ತಿಕೊಂಡ ಚೀಟಿಗೆ ಇನ್ನೂ ಎಷ್ಟು ಕಂತು ಕಟ್ಟಬೇಕು ಅಂತ ಗೊತ್ತಿಲ್ಲ. ಮೀಟರ್ ಬಡ್ಡಿಯವನು ಬಾಗಿಲಲ್ಲಿ ನಿಂತಿದ್ದಾನೆ, ಅವನನ್ನು ಕಳಿಸೋಕೇ ಈ ಐದು ಸಾವಿರ ಅನ್ನೋದಂತೂ ಮೊದಲೇ ಗೊತ್ತಿಲ್ಲ.

ಇದರ ಪಕ್ಕದಲ್ಲಿ ಕೋಲಾರದ ಟೊಮೆಟೊ ಮಂಡಿಯವರನ್ನು ನೋಡಿ. ಮಂಡಿ ಮಾಲೀಕರೇನು ದೇವರಲ್ಲ, ಕಮಿಷನ್‌ನಲ್ಲಿ ರೈತನ ಚರ್ಮ ಸುಲಿಯುವವರೂ ಇದ್ದಾರೆ. ಆದರೆ ಮುಂಗಡ ಕೊಡುವ ಮೊದಲು ಅವರು ಏನು ಮಾಡುತ್ತಾರೆ ಅಂತ ನಾನು ಜೊತೆಗೆ ಹೋಗಿ ನೋಡಿದ್ದೇನೆ. ನಮ್ಮ ಪರಿಚಯದ ಮಂಡಿಯವರು ಬೆಳಿಗ್ಗೆ ಹರಾಜು ಮುಗಿಸಿ, ಚಪ್ಪಲಿ ಬದುವಿನ ಮೇಲೆ ಬಿಟ್ಟು ತೋಟದೊಳಗೆ ಇಳಿದರು. ರೈತನ ಜೊತೆ ಮಾತೇ ಆಡಲಿಲ್ಲ. ಎಲೆ ತಿರುಗಿಸಿ ಮುದುಡಿದೆಯಾ ನೋಡಿದರು. ಡ್ರಿಪ್ ಪೈಪಿನ ತುದಿ ಎತ್ತಿ ನೀರು ಎಷ್ಟು ಜೋರಾಗಿ ಬರುತ್ತೆ ನೋಡಿದರು. ಆಸರೆಗೆ ನಿಲ್ಲಿಸಿದ ಕೋಲು ಹೊಸದಾ ಹಳೇದಾ ನೋಡಿದರು. ವಾಪಸ್ ಬರುವಾಗ ಪಕ್ಕದ ತೋಟದವನ ಹತ್ತಿರ ಬೀಡಿ ಕೇಳುವ ನೆಪದಲ್ಲಿ ನಿಂತು, ಬೋರು ಯಾವಾಗ ಕೊರೆಸಿದ್ದು, ದುಡ್ಡು ಯಾರು ಕೊಟ್ಟಿದ್ದು ಅಂತ ಕೇಳಿಕೊಂಡು ಬಂದರು. ಕಾರು ಹತ್ತಿದ ಮೇಲೆ, "ಅರ್ಧ ಕೊಡೋಣ ಸಾರ್, ಬೋರಿನ ಸಾಲ ಇನ್ನೂ ಹಾಗೇ ಇದೆ" ಅಂದರು. ಯಾವ ಸ್ಕೋರಿನಲ್ಲಿ ಬರುತ್ತೆ ಮೇಷ್ಟ್ರೇ ಇದು?

ನೂರು ಜನಕ್ಕೆ ಹಂಚಿದರೆ ಅಪಾಯ ಕಮ್ಮಿ ಅನ್ನುವ ಮಾತಿಗೂ ಕೋಲಾರದಲ್ಲೇ ಉತ್ತರ ಇದೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದಾಗ ಎಲ್ಲರೂ ಸಾಲ ತೀರಿಸಿದರು. ರಸ್ತೆ ಬದಿಗೆ ಸುರಿಯುವ ರೇಟು ಬಂದಾಗ ಎಲ್ಲರೂ ಒಟ್ಟಿಗೇ ನಿಲ್ಲಿಸುತ್ತಾರೆ, ಒಬ್ಬೊಬ್ಬರಾಗಿ ಅಲ್ಲ. ಆ್ಯಪ್‌ನ ನೂರು ಜನವೂ ಹಾಗೇ. ಬಹುಪಾಲು ಒಂದೇ ವಯಸ್ಸು, ಒಂದೇ ಥರದ ಕೆಲಸ. ಕಂಪನಿಗಳು ಜನರನ್ನು ತೆಗೆಯೋಕೆ ಶುರು ಮಾಡಿದರೆ ನೂರು ಹೆಸರು ಇದ್ದರೂ ಒಂದೇ. 2020ರ ಮಾರ್ಚ್‌ನಲ್ಲಿ ಕಂತು ಮುಂದೂಡಲು ಆರ್‌ಬಿಐಯೇ ಬ್ಯಾಂಕುಗಳಿಗೆ ಅವಕಾಶ ಕೊಡಬೇಕಾಗಿ ಬಂತು, ಮೂರು ತಿಂಗಳು ಅಂದದ್ದು ಆಗಸ್ಟ್ ತನಕ ಹೋಯ್ತು, ನೆನಪಿದೆಯಲ್ಲ?

ಇನ್ನು ನಾನು ಸೊಸೈಟಿ ಹೊಗಳಿದ್ದು ನಿಮಗೆ ಹಿಡಿಸಲಿಲ್ಲ. ಹಿಡಿಸದಿದ್ದರೂ ಮತ್ತೆ ಹೊಗಳುತ್ತೇನೆ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಶುರು ಮಾಡಿದಾಗ ಇದ್ದ ಬುದ್ಧಿ ಒಂದೇ, ಊರಿನವರ ದುಡ್ಡನ್ನು ಊರು ಬಲ್ಲವರ ಕೈಯಿಂದ ಕೊಡಿಸೋದು. ನಮ್ಮ ಜಿಲ್ಲೆಗಳ ಹಾಲಿನ ಡೇರಿಗಳಲ್ಲಿ ಇವತ್ತೂ ಇದೇ ಬುದ್ಧಿ ಕೆಲಸ ಮಾಡುತ್ತೆ. ಹಸು ಸಾಲದ ಕಂತು ಹಾಲಿನ ಬಟವಾಡೆಯಲ್ಲೇ ಮುರಿದುಕೊಳ್ಳುತ್ತಾರೆ. ಎರಡು ದಿನ ಹಾಲು ಬರಲಿಲ್ಲ ಅಂದರೆ ಕಾರ್ಯದರ್ಶಿ ಸಂಜೆ ಹೋಗಿ ಹಸುವಿಗೆ ಏನಾಯ್ತು ಅಂತ ನೋಡಿ ಬರುತ್ತಾನೆ. ಸಾಲಕ್ಕಾಗಿ ಹೋದನೋ ಹಸುವಿಗಾಗಿ ಹೋದನೋ, ಹೋಗ್ತಾನಲ್ಲ. ಸೊಸೈಟಿಗಳಲ್ಲಿ ರಾಜಕೀಯ ಇದೆ, ನೆಂಟರಿಗೆ ಕೊಟ್ಟು ಮುಳುಗಿಸಿದವರಿದ್ದಾರೆ, ರಾತ್ರೋರಾತ್ರಿ ಊರು ಬಿಟ್ಟ ಚೀಟಿಯವರ ಕಥೆ ಪ್ರತಿ ಬೀದಿಯಲ್ಲೂ ಒಂದಿದೆ. ಸೊಸೈಟಿಯ ಠೇವಣಿಗೆ ಬ್ಯಾಂಕಿನ ಥರ ವಿಮೆಯೂ ಇಲ್ಲ. ಎಲ್ಲಾ ಗೊತ್ತು. ಆದರೂ ನನ್ನ ಮನಸ್ಸು ಆ ಕಡೆಗೇ.

ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಸಾಲ ಕೊಡುವ ಮೊದಲು ಮನೆ ಹತ್ತಿರ ಒಬ್ಬರೂ ಬರೋದಿಲ್ಲ. ಕಂತು ತಪ್ಪಿದ ಮೇಲೆ ಐದು ಜನ ಬರ್ತಾರೆ, ಬೈಕಿನಲ್ಲಿ. ನಮ್ಮ ಸರ್ಕಾರ 2025ರ ಫೆಬ್ರುವರಿಯಲ್ಲಿ ಕಿರು ಸಾಲ ವಸೂಲಿಯ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆಯನ್ನೇ ತರಬೇಕಾಯಿತಲ್ಲ, ಅದು ಸುಮ್ನೆ ಬಂತಾ? ಹೆಂಗಸರು ಮನೆಗೆ ಬೀಗ ಹಾಕಿ ಊರು ಬಿಟ್ಟರು. ಮೊದಲೇ ಒಬ್ಬ ಮನುಷ್ಯ ಬಂದು ಜಗಲಿ ಮೇಲೆ ಕೂತು, ಈಗಾಗಲೇ ಮೂರು ಕಡೆ ಸಾಲ ಇದೆಯಲ್ಲಮ್ಮ, ನಾಲ್ಕನೇದು ಬೇಡ ಅಂದಿದ್ದರೆ ಎಷ್ಟೋ ಮನೆ ಉಳಿಯುತ್ತಿತ್ತು. ಬ್ಯಾಂಕುಗಳೂ ಇದೇ ದಾರಿ ಹಿಡಿದಿವೆ. ಹಿಂದೆ ಮ್ಯಾನೇಜರು ಸಂತೆಗೆ ಬರುತ್ತಿದ್ದರು, ಮದುವೆಗೆ ಬರುತ್ತಿದ್ದರು, ಯಾರು ಕುಡಿಯುತ್ತಾರೆ ಯಾರು ದುಡಿಯುತ್ತಾರೆ ಅಂತ ಗೊತ್ತಿರುತ್ತಿತ್ತು. ಈಗ ಬಂದವರು ಊರಿನ ಹೆಸರು ಸರಿಯಾಗಿ ಹೇಳೋದನ್ನು ಕಲಿಯುವಷ್ಟರಲ್ಲಿ ವರ್ಗ ಆಗಿರುತ್ತಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರ್‌ಗೆ ಗೂಡು ಕೊಳ್ಳೋಕೆ ದುಡ್ಡು ಬೇಕಾದರೆ ಅರ್ಜಿ ಯಾವುದೋ ನಗರದ ಕಂಪ್ಯೂಟರಿಗೆ ಹೋಗುತ್ತೆ. ಅದಕ್ಕೆ ರೇಷ್ಮೆ ಗೂಡೂ ಒಂದೇ, ಹಕ್ಕಿ ಗೂಡೂ ಒಂದೇ. ನಮ್ಮ ಪತ್ರಿಕೆಗೂ ಇಂಥದೊಂದು ಸಾಲದ ಆ್ಯಪ್‌ನವರು ಪೂರ್ತಿ ಪುಟದ ಜಾಹೀರಾತು ಕಳಿಸಿದ್ದರು. ನಿಮ್ಮ ಕಚೇರಿ ಎಲ್ಲಿದೆ, ಓದುಗರು ಬಂದು ಕೇಳಬಹುದಾ ಅಂತ ಬರೆದೆ. ಉತ್ತರ ಬರಲಿಲ್ಲ, ಜಾಹೀರಾತೂ ಹಾಕಲಿಲ್ಲ.

ಎಫ್‌ಡಿ ಮುರಿಸಬೇಡಿ. ಮಗನಿಗೆ ಅಷ್ಟು ಆಸೆ ಇದ್ದರೆ ಅವನ ಸಂಬಳದಲ್ಲೇ ಐವತ್ತು ಸಾವಿರ ಹಾಕಲಿ, ಹೋದರೂ ಹೋಗಲಿ ಅನ್ನುವಂಥ ದುಡ್ಡು. ಹಾಕುವ ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಎಷ್ಟು ಸಾಲ ವಸೂಲಾಗದೆ ನಿಂತಿದೆ ಅನ್ನುವ ಪಟ್ಟಿ ಹುಡುಕಲಿ. ಅದನ್ನು ಪ್ರಕಟಿಸಲೇಬೇಕು ಅಂತ ನಿಯಮ ಇದೆ. ಎರಡು ಮೂರು ತಿಂಗಳ ಪಟ್ಟಿ ಪಕ್ಕಪಕ್ಕ ಇಟ್ಟು ನಿಮಗೆ ತೋರಿಸಲಿ, ಗುಣಾಕಾರ ನೀವೇ ಮಾಡಿ. ಮತ್ತೆ, ನಿಮ್ಮೂರಿನ ಸೊಸೈಟಿಯ ಕಳೆದ ಸರ್ವಸದಸ್ಯರ ಸಭೆಗೆ ನೀವು ಹೋಗಿದ್ದಿರಾ? ಹೋಗಿದ್ದರೆ ಅಲ್ಲಿ ಲೆಕ್ಕಪತ್ರ ಓದಿದರಾ, ಯಾರಾದರೂ ಎದ್ದು ನಿಂತು ಪ್ರಶ್ನೆ ಕೇಳಿದರಾ ಅಂತ ಬರೆದು ಕಳಿಸಿ. ಬೈದು ಬರೆದರೂ ಹಾಕುತ್ತೇನೆ. ಎರಡು ಪುಟ ಮೀರಬಾರದು ಅಷ್ಟೆ.

– ಸಂಪಾದಕ