ಗಣಿತದ ಅಕ್ಕಾರ ಹುರುಪು ಎಲ್ಲಿ ಹೋಯಿತು?

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ವಿಜಯಪುರ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರರಿಂದ ಎಂಟನೇ ತರಗತಿವರೆಗೆ ಗಣಿತ ಕಲಿಸುವ ಶಿಕ್ಷಕಿ, ಮಕ್ಕಳ ಬಾಯಲ್ಲಿ 'ಅಕ್ಕಾರು'. ವಯಸ್ಸು ನಲವತ್ತು ದಾಟಿದೆ. ಆಪ್ತಸಮಾಲೋಚನೆಗೆ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಭಾನುವಾರ ಸಂಜೆಯಿಂದಲೇ ಮನೆಮಂದಿಯ ಮೇಲೆ ಸಿಡುಕು, ಸೋಮವಾರ ಬೆಳಿಗ್ಗೆ ಹೊಟ್ಟೆಯಲ್ಲಿ ಸಂಕಟ. "ಮದಲ ಬೆಲ್ ಹೊಡಿಯೂಕಿಂತ ಮುಂಚೇನ ಬೋರ್ಡ್ ಮ್ಯಾಲೆ ಲೆಕ್ಕ ಬರದು ನಿಂತಿರ್ತಿದ್ದೆ ರೀ. ಈಗ ಖಡು ಹಿಡಿಯಾಕೂ ಮನಸ ಬರವಲ್ದು," ಅಂದರು.

ಯಜಮಾನರ ಮಾತು ಅವರನ್ನು ಇನ್ನಷ್ಟು ನೋಯಿಸಿತ್ತು. "ಪಗಾರ ಎಲ್ಲಾರಿಗೂ ಒಂದ ಐತಿ. ನೀ ಒಬ್ಬಾಕಿ ಯಾಕ ಇಷ್ಟು ಬಡಿದಾಡ್ತಿ?"

ಅದೇ ಪ್ರಶ್ನೆಯನ್ನು ನಾನೂ ಕೇಳಿದೆ: ಇಷ್ಟು ವರ್ಷ ಯಾಕೆ ಬಡಿದಾಡಿದಿರಿ? ಮೊದಲಿಗೆ ಶಿಕ್ಷಕರ ದಿನಾಚರಣೆಯ ಭಾಷಣದಂಥ ಉತ್ತರ ಬಂತು. ಸುಮ್ಮನೆ ಕಾದೆ. ಆಮೇಲೆ ಅವರು ಒಂದು ಹುಡುಗಿಯ ಸುದ್ದಿ ತೆಗೆದರು.

ದೀಪಾವಳಿ ಆದ ಮೇಲೆ ತಂದೆತಾಯಿ ಕಬ್ಬು ಕಡಿಯಲು ಗುಳೆ ಹೋದರೆ ಈ ಹುಡುಗಿಯೂ ಜತೆಗೆ ಹೋಗುತ್ತಾಳೆ. ಮರಳಿ ಬರುವಷ್ಟರಲ್ಲಿ ಭಿನ್ನರಾಶಿಯ ಪಾಠ ಮುಗಿದಿರುತ್ತದೆ. ಎರಡರಲ್ಲೊಂದು, ಮೂರರಲ್ಲೊಂದು ಕೂಡಿಸು ಅಂದರೆ ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಕೂಡಿಸಿ 2/5 ಬರೆದಿದ್ದಳು. ಅಕ್ಕಾರು ತಪ್ಪು ಹಾಕಲಿಲ್ಲ. ಕಾಗದದ ಎರಡು ರೊಟ್ಟಿ ಕತ್ತರಿಸಿ ಕೊಟ್ಟು, ನೀನೇ ನೋಡು ಅಂದರು. ಹುಡುಗಿ ಅರ್ಧ ತುಂಡಿನ ಮೇಲೆ ಮೂರರಲ್ಲೊಂದನ್ನು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಆಮೇಲೆ ತಲೆ ಎತ್ತಿ, "ಅಕ್ಕಾರ, ಅರ್ಧಕ್ಕ ಇನ್ನಷ್ಟು ಕೂಡಿಸಿದ್ರ ಅರ್ಧಕ್ಕಿಂತ ಕಡಿಮಿ ಹೆಂಗ ಆಕ್ಕೈತ್ರಿ?" ಅಂದಳಂತೆ.

ಇದನ್ನು ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು. "ಆ ಹುಡುಗಿ ತಾನ ತನ್ನ ಉತ್ತರಾ ಅನುಮಾನಿಸಿದ್ಲು ನೋಡ್ರಿ, ಅದಕ್ಕ ನಾ ಸಾಲಿಗಿ ಹೋಗ್ತಿದ್ದೆ."

ಅವರಿಗೆ ಏನಾಗಿದೆ ಎಂದು ನನಗೆ ತಿಳಿದದ್ದು ಆಗ. ಮನಶ್ಶಾಸ್ತ್ರಜ್ಞರಾದ ಕ್ರಿಸ್ಟಿನಾ ಮಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯ ಪ್ರಕಾರ ವೃತ್ತಿಯ ಬಳಲಿಕೆಗೆ ಮೂರು ಮುಖ: ದಣಿವು, ಎದುರಿಗಿರುವವರ ಬಗ್ಗೆ ತಾತ್ಸಾರ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ಇವರಲ್ಲಿ ಮೊದಲನೆಯದೂ ಮೂರನೆಯದೂ ಇದ್ದವು, ಎರಡನೆಯದು ಇರಲಿಲ್ಲ. ಯಾವ ಹುಡುಗ ಎರವಲು ತಗೊಂಡು ಕಳೆಯುವ ಲೆಕ್ಕದಲ್ಲಿ ಎಡವುತ್ತಾನೆ ಎಂಬುದು ಇನ್ನೂ ಬಾಯಿಪಾಠ. ಪ್ರೀತಿ ಬತ್ತಿರಲಿಲ್ಲ, ಅದಕ್ಕೆ ಸಿಗಬೇಕಾದ ಆಸರೆ ಸಿಗುತ್ತಿರಲಿಲ್ಲ.

ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳುವಂತೆ, ಒಳಗಿನ ಹುರುಪು ಉಳಿಯಲು ಮೂರು ಬೇಕು: ತನ್ನ ಕೆಲಸದಲ್ಲಿ ತನ್ನ ನಿರ್ಧಾರ, ಕೈಗೂಡುತ್ತಿದೆ ಎಂಬ ಅನುಭವ, ಜತೆಗಾರರ ನಂಟು. ಇವರ ಶಾಲೆಯಲ್ಲಿ ಗಣಿತಕ್ಕೆ ಇವರೊಬ್ಬರೇ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಮತದಾರರ ಪಟ್ಟಿಯ ಕೆಲಸಗಳ ನಡುವೆ ಪಾಠದ ಹೊತ್ತು ಕರಗುತ್ತಿತ್ತು. ಸಭೆಯೊಂದರಲ್ಲಿ ಎಲ್ಲರೆದುರು ಅಂಕಗಳ ಪಟ್ಟಿ ಓದಿ, ನಿಮ್ಮ ಗಣಿತ ಹಿಂದಿದೆ ಅಂದದ್ದೇ ಕೊನೆಯ ಪೆಟ್ಟು. ಗುಳೆ ಹೋಗಿ ಬಂದ ಮಗು 2/5 ಅನ್ನು ತಾನೇ ಅನುಮಾನಿಸಿದ್ದು ಆ ಪಟ್ಟಿಯ ಯಾವ ಕಾಲಮ್ಮಿನಲ್ಲೂ ಕಾಣದು. ಇದು ಅನ್ಯಾಯವೆಂದೇ ನಾನು ತಿಳಿಯುತ್ತೇನೆ, ಅವರಿಗೂ ಹಾಗೆಯೇ ಹೇಳಿದೆ.

ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ಒಂದು ನೋಟ್‌ಬುಕ್ಕು. ದಿನಕ್ಕೆ ಒಂದೇ ಮಗು, ಒಂದೇ ಸಾಲು: ನಿನ್ನೆ ಹೇಗೆ ಯೋಚಿಸುತ್ತಿತ್ತು, ಇವತ್ತು ಹೇಗೆ. ಯಾರಿಗೂ ತೋರಿಸಬೇಕಿಲ್ಲ, ಅಂಕ ಬರೆಯುವಂತಿಲ್ಲ. ಮರೆತ ದಿನ ಮರೆಯಿತು, ಮರುದಿನ ಎರಡು ಬರೆಯಬಾರದು.

ಎರಡನೆಯದು, ವಾರಕ್ಕೊಂದು ಪೀರಿಯಡ್ ಪೂರ್ತಿ ತಮ್ಮ ಇಷ್ಟದ ಗಣಿತಕ್ಕೆ. ಮೊದಲು ಎಂಟನೇ ತರಗತಿಗೆ 6174ರ ಆಟ ಆಡಿಸುತ್ತಿದ್ದರಂತೆ. ಪೋರ್ಶನ್ ಮುಗಿಯದ ಭಯಕ್ಕೆ ಬಿಟ್ಟಿದ್ದರು. 3524 ತಗೊಳ್ಳಿ: ಅಂಕಿಗಳನ್ನು ಇಳಿಕೆ, ಏರಿಕೆ ಕ್ರಮದಲ್ಲಿ ಬರೆದು ಕಳೆದರೆ 3087, ಮತ್ತೆ ಹಾಗೇ ಮಾಡಿದರೆ 8352, ಮತ್ತೊಮ್ಮೆ ಮಾಡಿದರೆ 6174. ಮುಂದೆ ಅದೇ ಬರುತ್ತಿರುತ್ತದೆ. ಇದನ್ನು ಕಂಡುಹಿಡಿದ ಕಾಪ್ರೇಕರ್ ಕೂಡ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲೆ ಮಾಸ್ತರರಾಗಿದ್ದವರು. ಕಳೆಯುವ ಲೆಕ್ಕದ ಅಭ್ಯಾಸ ಇದರಲ್ಲೇ ಆಗುತ್ತದಲ್ಲ, ಮತ್ತೆ ಶುರು ಮಾಡಿ ಅಂದೆ.

ಪಕ್ಕದ ಊರುಗಳ ಇಬ್ಬರು ಗಣಿತ ಶಿಕ್ಷಕರ ಜತೆ ತಿಂಗಳಿಗೊಮ್ಮೆ ಕೂತು ಮಕ್ಕಳ ತಪ್ಪುಗಳ ಬಗ್ಗೆಯೇ ಮಾತಾಡಲು ಹೇಳಿದೆ. ಪಾಠದ ಹೊರಗಿನ ಕೆಲಸವನ್ನು ಪಾಳಿಯ ಮೇಲೆ ಹಂಚುವಂತೆ ಮುಖ್ಯ ಶಿಕ್ಷಕರಿಗೆ ಬರಹದಲ್ಲೇ ಕೇಳಬೇಕು. ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಲೇಬೇಕು. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಯಜಮಾನರನ್ನೂ ಒಮ್ಮೆ ಕರೆಸಿದೆ. ರೊಟ್ಟಿಯ ಕಥೆಯನ್ನು ಅವರು ಮೊದಲ ಸಲ ಕೇಳಿದ್ದು ನನ್ನೆದುರೇ. "ಇದನ್ನ ಮನ್ಯಾಗ ಹೇಳೇ ಇಲ್ಲಲ್ಲ," ಅಂದರು. "ನೀವು ಕೇಳಿರಲಿಲ್ಲಲ್ರಿ," ಅಂದರು ಅಕ್ಕಾರು.

ಈಗ ನಿದ್ದೆ ಸ್ವಲ್ಪ ಸುಧಾರಿಸಿದೆ, ಪೂರ್ತಿ ಅಲ್ಲ. ಆನ್‌ಲೈನ್ ಎಂಟ್ರಿಯನ್ನು ಸಹೋದ್ಯೋಗಿಯೊಬ್ಬರು ಹಂಚಿಕೊಂಡಿದ್ದಾರೆ. ವರ್ಗಾವಣೆಗೆ ಅರ್ಜಿ ಹಾಕಬೇಕೋ ಬೇಡವೋ ಎಂದು ಕೇಳಿದರು. ಗುಳೆ ಹೋದ ಮಕ್ಕಳು ಮರಳಿ ಬಂದು, ನೋಟ್‌ಬುಕ್ಕಿನಲ್ಲಿ ಅವರ ಹೆಸರುಗಳೂ ಬಂದ ಮೇಲೆ ಅದನ್ನು ತೀರ್ಮಾನಿಸಿ ಎಂದಿದ್ದೇನೆ.